ಶಿವರಾತ್ರಿಯಿಂದ ಯುಗಾದಿಯೊಳಗೆ: ಬೇಸಿಗೆಗೆ ಮನೆ ಸಿದ್ಧ ಮಾಡುವ ಬಗೆ

ಫೆಬ್ರವರಿ ಮುಗಿಯುತ್ತಿದ್ದ ಹಾಗೆ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಕೋಲಾರದವರು ಸಂಪು ತೊಳೆಯುವುದು ಹೇಗೆ ಎಂದು ಕೇಳುತ್ತಾರೆ. ಚಿಂತಾಮಣಿಯವರು ಸೊಳ್ಳೆಗೆ ಏನು ಹೊಡೆಯಬೇಕು ಎನ್ನುತ್ತಾರೆ. ಸಿರಾದಿಂದ, ಪಾವಗಡದಿಂದ ಬರುವ ಪ್ರಶ್ನೆ ಇನ್ನೂ ನೇರ: ರಾತ್ರಿ ಹತ್ತಾದರೂ ಮನೆಯೊಳಗೆ ಕೂರಲು ಆಗುವುದಿಲ್ಲ, ಏನು ಮಾಡುವುದು?

ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಡಬಹುದು. ಆದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಏನು ಮಾಡುತ್ತೀರಿ ಎನ್ನುವಷ್ಟೇ ಮುಖ್ಯ ಯಾವುದನ್ನು ಮೊದಲು ಮಾಡುತ್ತೀರಿ ಎನ್ನುವುದು. ಇಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಏಪ್ರಿಲ್ ಬಂತೆಂದರೆ ಬೋರ್‌ವೆಲ್ ಬಿಟ್ಟು ಬಿಟ್ಟು ಬರುತ್ತದೆ, ಟ್ಯಾಂಕರ್ ರೇಟು ಏರುತ್ತದೆ. ಆಗ ಮನೆ ತೊಳೆಯಲು ಹೊರಟರೆ ತೊಳೆಯುವ ನೀರಿಗೂ ದುಡ್ಡು, ಕುಡಿಯುವ ನೀರಿಗೂ ದುಡ್ಡು.

ಹಾಗಾಗಿ ಎರಡು ಮಾತು ನೆನಪಿಡಿ. ನೀರು ಬೇಕಾದ ಕೆಲಸ ಮೊದಲು, ನೀರು ಬೇಡದ ಕೆಲಸ ಆಮೇಲೆ. ಮತ್ತೆ, ಕೆಲಸ ಮೇಲಿನಿಂದ ಕೆಳಗೆ ಬರಬೇಕು: ಮೊದಲು ಟೆರೇಸು, ಕೊನೆಗೆ ಅಂಗಳ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ಯುಗಾದಿಗೆ ಸರಿಸುಮಾರು ಒಂದು ತಿಂಗಳು ಸಿಗುತ್ತದೆ. ಈ ತಿಂಗಳೇ ನಿಮ್ಮ ಸಮಯ. ಹೇಗಿದ್ದರೂ ಹಬ್ಬಕ್ಕೆ ಮನೆ ಸಾರಿಸಿ ಗುಡಿಸುತ್ತೀರಿ ಅಲ್ವಾ? ಅದನ್ನೇ ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ ನಾಲ್ಕು ಭಾನುವಾರಗಳಿಗೆ ಹಂಚಿಕೊಳ್ಳಿ.

ಬೇಕಾಗುವ ಸಾಮಾನು

ಮನೆಯಲ್ಲಿ ಇರುವುದೇ ಹೆಚ್ಚು. ತೆಂಗಿನ ಕಡ್ಡಿ ಪೊರಕೆ, ಉದ್ದ ಹಿಡಿಯ ಬ್ರಷ್ಷು, ತೆಂಗಿನ ನಾರು, ಹಳೇ ಪಂಚೆ ಬಟ್ಟೆ, ಎರಡು ಮೂರು ಬಕೆಟ್. ಅಂಗಡಿಯಿಂದ ತರಬೇಕಾದದ್ದು ಸುಣ್ಣ, ಬ್ಲೀಚಿಂಗ್ ಪೌಡರು, ಸೊಳ್ಳೆ ಜಾಲರಿ, ರಬ್ಬರ್ ಕೈಗವಸು, ಕಣ್ಣಿಗೆ ಹಾಕುವ ಪ್ಲಾಸ್ಟಿಕ್ ಕನ್ನಡಕ. ಬ್ಲೀಚಿಂಗ್ ಪೌಡರನ್ನು ಹೊಸ ಪ್ಯಾಕೆಟ್ಟೇ ತನ್ನಿ. ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಇಟ್ಟಿದ್ದರಲ್ಲಿ ಶಕ್ತಿ ಇರುವುದಿಲ್ಲ.

1. ಟೆರೇಸು

ಎಲ್ಲದಕ್ಕಿಂತ ಹೆಚ್ಚು ಗಮನ ಬೇಕಾದದ್ದು ಇಲ್ಲಿ. ಕಾರಣ ಹೇಳುತ್ತೇನೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಊರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನಡುಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಅಂಗಳದಲ್ಲಿ ಒಂದು ಕೋಲು ನೆಟ್ಟರೆ ಆ ಹೊತ್ತಿಗೆ ಅದಕ್ಕೆ ನೆರಳೇ ಇರುವುದಿಲ್ಲ. ಅಂದರೆ ಬೇಸಿಗೆಯ ಮಧ್ಯಾಹ್ನದಲ್ಲಿ ಬಿಸಿಲು ಬೀಳುವುದು ಗೋಡೆಗಿಂತ ಹೆಚ್ಚಾಗಿ ಸೂರಿನ ಮೇಲೆ. ಆರ್‌ಸಿಸಿ, ಅಂದರೆ ಕಬ್ಬಿಣದ ಸರಳು ಹಾಕಿ ಹಾಕಿದ ಕಾಂಕ್ರೀಟ್ ಸೂರು, ಹಗಲೆಲ್ಲ ಆ ಕಾವನ್ನು ಕುಡಿದು ಸಂಜೆಯ ಮೇಲೆ ಒಳಗೆ ಬಿಡುತ್ತದೆ. ರಾತ್ರಿ ಫ್ಯಾನ್ ಹಾಕಿದರೆ ಬಿಸಿ ಗಾಳಿ ಬರುವುದು ಅದಕ್ಕೇ. ಫ್ಯಾನಿನ ತಪ್ಪಲ್ಲ, ಮೇಲಿನ ಸೂರಿನ ಕಾವು ಅದು.

ಇದಕ್ಕೆ ಅಗ್ಗದ, ಹಳೆಯ, ಕೆಲಸ ಮಾಡುವ ಉಪಾಯ ಸುಣ್ಣ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಸೂರಿಗೆ ಬಿಳಿ ಹೊಡೆದ ಮನೆಯೊಳಗೆ 2ರಿಂದ 5 ಡಿಗ್ರಿಯಷ್ಟು ಕಾವು ಕಮ್ಮಿಯಾಗಬಹುದು. ಅಹಮದಾಬಾದಿನಲ್ಲಿ ನಗರಪಾಲಿಕೆಯೇ ಬಡವರ ಮನೆಗಳ ಸೂರಿಗೆ ಬಿಳಿ ಬಳಿಸುವ ಕೆಲಸ ಮಾಡಿದೆ. ನಮ್ಮಲ್ಲಿ ಗೋಡೆಗೆ ಸಾವಿರಾರು ರೂಪಾಯಿಯ ಬಣ್ಣ ಹೊಡೆಸುತ್ತೇವೆ, ಟೆರೇಸನ್ನು ಮಾತ್ರ ಕಪ್ಪಗೆ ಬಿಟ್ಟಿರುತ್ತೇವೆ. ಈ ವರ್ಷ ಒಂದೇ ಕೆಲಸ ಮಾಡಲು ಸಾಧ್ಯ ಎನ್ನುವವರು ಇದನ್ನು ಮಾಡಿ.

ಮಾಡುವ ಬಗೆ ಹೀಗೆ. ಮೊದಲ ದಿನ ಟೆರೇಸಿನ ಮೇಲಿರುವ ಹಳೇ ಟೈರು, ಒಡೆದ ಕುಂಡ, ಪೇಂಟ್ ಡಬ್ಬ, ಮುರಿದ ಕುರ್ಚಿ ಎಲ್ಲ ಕೆಳಗಿಳಿಸಿ. ಕಡ್ಡಿ ಪೊರಕೆಯಿಂದ ಗುಡಿಸಿ. ಮೂಲೆಯಲ್ಲಿ ಪಾಚಿ ಒಣಗಿ ಕಪ್ಪಗೆ ಹಿಡಿದಿರುತ್ತದೆ, ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಪಾಚಿಯ ಮೇಲೆ ಸುಣ್ಣ ಹೊಡೆದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಬಿರುಕು ಕಂಡರೆ ಈಗಲೇ ಮುಚ್ಚಿಸಿ.

ಅರಳಿದ ಸುಣ್ಣ, ಅಂದರೆ ನೀರು ಹಾಕಿ ಪುಡಿ ಮಾಡಿದ ಸುಣ್ಣವೇ ಅಂಗಡಿಯಲ್ಲಿ ಸಿಕ್ಕರೆ ಅದನ್ನೇ ತನ್ನಿ. ಸುಟ್ಟ ಸುಣ್ಣದ ಗಟ್ಟಿ ಸಿಕ್ಕಿದರೆ ಎಚ್ಚರ. ನೀರು ತಾಗಿದ ತಕ್ಷಣ ಅದು ಕೊತಕೊತ ಕುದಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರಳಿಸಬೇಡಿ, ಬಕೆಟ್ಟೇ ಸೊಟ್ಟಗಾಗುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ತುಂಬಿಸಿ, ಆಮೇಲೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಬನ್ನಿ, ಉದ್ದ ಕೋಲಿನಿಂದ ತಿರುಗಿಸಿ. ಮಕ್ಕಳು ಹತ್ತಿರ ಬರಬಾರದು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಒಂದು ಹನಿ ಕಣ್ಣಿಗೆ ಬಿದ್ದರೂ ತುಂಬ ಹೊತ್ತು ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಒಂದು ರಾತ್ರಿ ಹಾಗೇ ಬಿಟ್ಟು ಮರುದಿನ ಬಟ್ಟೆಯಲ್ಲಿ ಸೋಸಿಕೊಳ್ಳಿ.

ಸೋಸಿದ ಸುಣ್ಣ ಹಾಲಿಗಿಂತ ಸ್ವಲ್ಪ ಗಟ್ಟಿ ಇರಲಿ. ಕೈಗೆ ಪುಡಿ ಹತ್ತಬಾರದು ಎಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬಣ್ಣದ ಅಂಟನ್ನು ಪ್ಯಾಕೆಟ್ ಮೇಲೆ ಹೇಳಿದ ಅಳತೆಯಲ್ಲಿ ಸೇರಿಸಿ. ಬೆಳಗ್ಗೆ ಬಿಸಿಲೇರುವ ಮುಂಚೆ ಟೆರೇಸಿಗೆ ನೀರು ಚಿಮುಕಿಸಿ, ನೆಲ ತೇವ ಇರುವಾಗಲೇ ಬ್ರಷ್ಷಿನಿಂದ ತೆಳ್ಳಗೆ ಎಳೆಯಿರಿ. ಹೊಡೆಯುವಾಗ ಬೂದಿ ಬಣ್ಣವೇ ಕಾಣುತ್ತದೆ, ಗಾಬರಿಯಾಗಬೇಡಿ. ಒಣಗುತ್ತಾ ಒಣಗುತ್ತಾ ಬೆಳ್ಳಗಾಗುತ್ತದೆ. ಮರುದಿನ ಮೊದಲನೆಯದಕ್ಕೆ ಅಡ್ಡಡ್ಡವಾಗಿ ಎರಡನೇ ಕೋಟು. ಮಟಮಟ ಮಧ್ಯಾಹ್ನ ಹೊಡೆದರೆ ಸುಣ್ಣ ಹಿಡಿಯುವ ಮುಂಚೆಯೇ ಒಣಗಿ ಪುಡಿಯಾಗಿ ಉದುರುತ್ತದೆ. ಜನ ಹೆಚ್ಚು ಎಡವುವುದು ಇಲ್ಲೇ: ಒಂದೇ ಸಲಕ್ಕೆ ದಪ್ಪಗೆ ಹೊಡೆಯುವುದು, ಅದೂ ಬಿಸಿಲಲ್ಲಿ.

ಸೂರು ತಗಡಿನದೋ ಸಿಮೆಂಟ್ ಶೀಟಿನದೋ ಆಗಿದ್ದರೆ ಹತ್ತುವ ಮುಂಚೆ ಯೋಚಿಸಿ. ಸಿಮೆಂಟ್ ಶೀಟ್ ಮೇಲೆ ನೇರ ಕಾಲಿಟ್ಟರೆ ಮುರಿದು ಒಳಗೆ ಬೀಳುತ್ತೀರಿ. ಕೆಳಗೆ ತೊಲೆ ಇರುವ ಜಾಗ ನೋಡಿ ಹಲಗೆ ಹಾಸಿಕೊಂಡೇ ನಡೆಯಬೇಕು. ಹಳೇ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಅದರ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಹಾಗಾಗಿ ಒಣಗಿದ್ದಾಗ ಉಜ್ಜಬೇಡಿ, ಕೆರೆಯಬೇಡಿ. ತಿಪಟೂರು, ಗುಬ್ಬಿ ಕಡೆ ಶೀಟಿನ ಮೇಲೆ ತೆಂಗಿನ ಗರಿ ಹೊದಿಸುವುದು ಸುಲಭ, ಒಳ್ಳೆಯದೂ ಹೌದು. ಒಲೆಯ ಹೊಗೆ ಕೊಳವೆಯಿಂದ, ಕರೆಂಟ್ ತಂತಿಯಿಂದ ದೂರ ಇರಲಿ, ಹಗ್ಗ ಬಿಗಿಯಾಗಿರಲಿ. ಕೋಲಾರದ ಕಡೆಯ ಹಳೇ ಕಲ್ಲು ಚಪ್ಪಡಿ ಮನೆಯಾದರೆ ಸುಣ್ಣಕ್ಕಿಂತ ಮೊದಲು ಚಪ್ಪಡಿಗಳ ಸಂದು ನೋಡಿ. ಗಾರೆ ಕಿತ್ತಿದ್ದರೆ ಮಳೆಗೆ ಮುಂಚೆ ಸರಿ ಮಾಡಿಸಲು ಇದೇ ಒಳ್ಳೇ ಸಮಯ.

ಸಂಜೆ ಟೆರೇಸಿಗೆ ನೀರು ಸುರಿದು ತಂಪು ಮಾಡುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಬಿಡಿ. ಬಿಂದಿಗೆಗಟ್ಟಲೆ ನೀರು ಹೋಗುತ್ತದೆ, ತಂಪು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಮ್ಮ ಜಿಲ್ಲೆಗಳಿಗೆ ಅದು ಹೊಂದುವ ಉಪಾಯ ಅಲ್ಲ.

2. ಓವರ್‌ಹೆಡ್ ಟ್ಯಾಂಕು, ಸಂಪು

ಟೆರೇಸಿನಿಂದ ಇಳಿಯುವ ಮುಂಚೆ ಮೇಲಿನ ಟ್ಯಾಂಕ್ ಮುಗಿಸಿ. ತೊಳೆಯುವ ಎರಡು ದಿನ ಮುಂಚೆಯೇ ನೀರು ತುಂಬಿಸುವುದು ನಿಲ್ಲಿಸಿ, ಇರುವುದನ್ನು ಬಳಸಿ ಖಾಲಿ ಮಾಡಿ. ತುಂಬಿದ ಟ್ಯಾಂಕಿನ ನೀರನ್ನು ಚರಂಡಿಗೆ ಬಿಟ್ಟು ತೊಳೆಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ತಳದಲ್ಲಿ ಉಳಿದ ಕೆಸರನ್ನು ಹಳೇ ಬಟ್ಟೆಯಿಂದ ತೆಗೆಯಿರಿ. ಗೋಡೆಗೆ ಬಿಳಿ ಪಕಳೆಯ ಹಾಗೆ ಕಟ್ಟಿರುವುದು ಗಡಸು ನೀರಿನ ಸುಣ್ಣದಂಶ. ಅದು ವಿಷ ಅಲ್ಲ. ಆಳದ ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯ. ನಾರಿನಿಂದ ಉಜ್ಜಿ ಬಂದಷ್ಟು ತೆಗೆಯಿರಿ, ಆಸಿಡ್ ಹಾಕಲು ಹೋಗಬೇಡಿ. ಆಮೇಲೆ 10 ಲೀಟರ್ ಬಕೆಟ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಕಲಸಿ ಒಳಗಿನ ಗೋಡೆಗೆಲ್ಲ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆದು ಆ ನೀರನ್ನು ಹೊರಹಾಕಿ.

ನೀರು ತುಂಬಿಸಿದ ಮೇಲೆ 1,000 ಲೀಟರಿಗೆ ಸುಮಾರು 2.5 ಗ್ರಾಂ, ಅಂದರೆ ಅರ್ಧ ಟೀ ಚಮಚ ಬ್ಲೀಚಿಂಗ್ ಪೌಡರ್ ಸಾಕು. ಅದನ್ನು ಹಾಗೇ ಟ್ಯಾಂಕಿಗೆ ಎರಚಬೇಡಿ. ಒಂದು ಚೊಂಬು ನೀರಲ್ಲಿ ಕಲಸಿ, ಐದು ಹತ್ತು ನಿಮಿಷ ಬಿಟ್ಟು, ಬಿಳಿ ಗಸಿ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ. ಒಂದು ಗಂಟೆ ಆದ ಮೇಲೆ ಬಳಸಿ. ಜಾಸ್ತಿ ಹಾಕಿದರೆ ಜಾಸ್ತಿ ಶುದ್ಧ ಆಗುವುದಿಲ್ಲ, ಬಾಯಿಗಿಡಲಾಗದಷ್ಟು ವಾಸನೆ ಬರುತ್ತದೆ ಅಷ್ಟೆ.

ಬ್ಲೀಚಿಂಗ್ ಪೌಡರನ್ನು ಆಸಿಡ್ ಜೊತೆ, ಟಾಯ್ಲೆಟ್ ತೊಳೆಯುವ ದ್ರಾವಣದ ಜೊತೆ ಎಂದೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಉಸಿರು ಕಟ್ಟಿಸುತ್ತದೆ.

ಈಗ ಸಂಪು. ಇಲ್ಲಿ ಜೀವದ ಪ್ರಶ್ನೆ ಇದೆ. ನೆಲದೊಳಗಿನ ಮುಚ್ಚಿದ ತೊಟ್ಟಿಯಲ್ಲಿ ಉಸಿರಾಡುವ ಗಾಳಿ ಸಾಕಷ್ಟು ಇಲ್ಲದೆ ಇರಬಹುದು. ಒಳಗಿಳಿದವರು ಕುಸಿದು ಬೀಳುವುದು, ಅವರನ್ನು ಎತ್ತಲು ಹೋದವರೂ ಬೀಳುವುದು ಹೊಸ ಸುದ್ದಿಯೇನಲ್ಲ. ಆದ್ದರಿಂದ:

ಸಾಧ್ಯವಾದರೆ ಇಳಿಯಲೇ ಬೇಡಿ. ಉದ್ದ ಹಿಡಿಯ ಬ್ರಷ್ಷಿನಿಂದ ಮೇಲಿನಿಂದಲೇ ಉಜ್ಜಿ. ಆಳ ಜಾಸ್ತಿ ಇದ್ದರೆ ಯಂತ್ರದಿಂದ ತೊಳೆಯುವವರನ್ನು ಕರೆಸಿ.

ಇಳಿಯಲೇಬೇಕಾದರೆ ಹಿಂದಿನ ದಿನವೇ ಮುಚ್ಚಳ ತೆಗೆದು, ಸುತ್ತ ಅಡ್ಡ ಕಟ್ಟಿ, ಗಾಳಿಯಾಡಲು ಬಿಡಿ. ಇಳಿಯುವ ಮುಂಚೆ ಟೇಬಲ್ ಫ್ಯಾನನ್ನು ಬಾಯಿಯ ಹೊರಗೆ ಇಟ್ಟು ಒಳಗೆ ಗಾಳಿ ಹೊಡೆಸಿ. ಮೋಟರ್ ಸ್ವಿಚ್ ಆಫ್ ಮಾಡಿದರೆ ಸಾಲದು, ಫ್ಯೂಸ್ ತೆಗೆದಿಡಿ. ಇಳಿಯುವವರ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ನಿಂತಿರಲಿ. ತಲೆ ಸುತ್ತುತ್ತಿದೆ ಎಂದ ತಕ್ಷಣ ಮೇಲಕ್ಕೆ. ಒಳಗಿದ್ದವರು ಮಾತಾಡದೆ ಬಿದ್ದರೆ ಹಗ್ಗದಿಂದ ಎಳೆಯಿರಿ, ನೀವು ಇಳಿಯಬೇಡಿ. 112ಕ್ಕೆ ಕರೆ ಮಾಡಿ. ಪೆಟ್ರೋಲಿನಿಂದ ಓಡುವ ನೀರೆತ್ತುವ ಪಂಪನ್ನು ಸಂಪಿನೊಳಗೆ ಇಳಿಸಿ ಓಡಿಸಬಾರದು, ಅದರ ಹೊಗೆ ಕೊಲ್ಲುತ್ತದೆ. ಇನ್ನು ಮುಚ್ಚಳ ತೆಗೆದ ಸಂಪು, ಆಡುವ ಮಗು ಎರಡೂ ಒಂದೇ ಅಂಗಳದಲ್ಲಿ ಇರಲೇಬಾರದು.

3. ಕುಡಿಯುವ ನೀರು

ಬಾಗೇಪಲ್ಲಿ, ಪಾವಗಡ ಕಡೆಯವರಿಗೆ ಫ್ಲೋರೈಡ್ ಹೊಸ ಪದವಲ್ಲ. ಹಲ್ಲಿಗೆ ಕಂದು ಕಲೆ, ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲುಗಳಲ್ಲಿ ನೋವು, ಬಾಗದ ಬೆನ್ನು. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಕಲ್ಲಿನ ಅಂಶ ನೀರಲ್ಲಿ ಕರಗಿ ಬರುವ ಸಾಧ್ಯತೆ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಪರವಾಗಿಲ್ಲ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎಂದು ಭಾರತೀಯ ಮಾನಕ ಹೇಳುತ್ತದೆ.

ಓದುಗರು ಪದೇ ಪದೇ ಕೇಳುವುದು: ಕಾಯಿಸಿ ಕುಡಿದರೆ ಸರಿ ಹೋಗುತ್ತಾ? ಇಲ್ಲ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಬ್ಲೀಚಿಂಗ್ ಹಾಕಿದರೂ ಅಷ್ಟೆ. ಆರ್‌ಒ ಯಂತ್ರ, ಅಂದರೆ ಒತ್ತಡದಿಂದ ನೀರನ್ನು ತೆಳು ಪೊರೆಯ ಮೂಲಕ ಹಾಯಿಸುವ ಶುದ್ಧೀಕರಣ, ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವವರು ಕುಡಿಯಲು ಮಾತ್ರವಲ್ಲ, ಅನ್ನ, ಸಾರು, ಮುದ್ದೆಗೂ ಅದೇ ನೀರು ಬಳಸಿ. ಮುದ್ದೆಗೆ ಬೋರ್ ನೀರು ಹಾಕಿ, ಕುಡಿಯಲು ಮಾತ್ರ ಕ್ಯಾನ್ ನೀರು ಇಟ್ಟುಕೊಂಡರೆ ಅರ್ಧ ಪ್ರಯೋಜನ ಅಷ್ಟೆ.

ನಿಮ್ಮ ಬೋರ್‌ವೆಲ್ ನೀರನ್ನು ಬೇಸಿಗೆಗೆ ಮುಂಚೆ ಒಮ್ಮೆ ಪರೀಕ್ಷೆ ಮಾಡಿಸಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ ಜಿಲ್ಲಾ ಕೇಂದ್ರದಲ್ಲಿದೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೆ ಸ್ಥಳದಲ್ಲೇ ನೋಡುವ ಕಿಟ್ ಬಗ್ಗೆಯೂ ಹೇಳುತ್ತಾರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಆ ನೀರು ಬರುವುದು ಅಂತರ್ಜಲ ತುಂಬಲು, ನೇರವಾಗಿ ಕುಡಿಯಲು ಅಲ್ಲ. ಕೆರೆ ತುಂಬಿ ಹತ್ತಿರದ ಬೋರಿನಲ್ಲಿ ನೀರು ಮೇಲೆ ಬಂದಿದ್ದರೆ ಖುಷಿಯೇ. ಪರೀಕ್ಷೆ ಮಾತ್ರ ತಪ್ಪಿಸಬೇಡಿ.

ಮನೆಯ ಆರ್‌ಒದಿಂದ ಹೊರಬೀಳುವ ನೀರನ್ನು ಚರಂಡಿಗೆ ಬಿಡಬೇಡಿ. ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ. ಮುಂದಿನ ಹಂತಗಳಲ್ಲಿ ಈ ನೀರು ಮತ್ತೆ ಬೇಕಾಗುತ್ತದೆ.

ಮಡಕೆ ಇಡುವವರಿಗೆ ಎರಡು ಮಾತು. ಹೊಸ ಮಡಕೆಯನ್ನು ಒಂದು ದಿನ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಬಳಸಿ. ಸೋಪು ಹಾಕಿ ತೊಳೆಯಬೇಡಿ, ಹೊರಗೆ ಬಣ್ಣ ಹೊಡೆಯಬೇಡಿ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಒಸರಿ ಆರಿದರೇ ಒಳಗಿನ ನೀರು ತಣ್ಣಗಾಗುವುದು. ಫ್ಲೋರೈಡ್ ಇರುವ ನೀರನ್ನು ಮಡಕೆಗೆ ಹಾಕಿದರೂ ಫ್ಲೋರೈಡ್ ಹಾಗೇ ಇರುತ್ತದೆ.

4. ಶೇಖರಿಸಿದ ನೀರು, ಸೊಳ್ಳೆ

ಮೂರು ದಿನಕ್ಕೋ ವಾರಕ್ಕೋ ಒಮ್ಮೆ ನೀರು ಬಿಡುವ ಬೀದಿಗಳಲ್ಲಿ ಪ್ರತಿ ಮನೆಯಲ್ಲೂ ಡ್ರಮ್ಮು, ತೊಟ್ಟಿ, ಬಿಂದಿಗೆ ತುಂಬಿರುತ್ತವೆ. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದು ಇದೇ ತಿಳಿ ನೀರಿನಲ್ಲಿ, ಚರಂಡಿಯಲ್ಲಲ್ಲ. ಕಚ್ಚುವುದೂ ಹೆಚ್ಚಾಗಿ ಹಗಲಿನಲ್ಲಿ.

ಅದು ಮೊಟ್ಟೆ ಇಡುವುದು ನೀರಿನ ಅಂಚಿಗೆ, ಡ್ರಮ್ಮಿನ ಒಳಗೋಡೆಗೆ ಅಂಟಿಸಿ. ನೀರು ಚೆಲ್ಲಿ ಡ್ರಮ್ಮು ಒಣಗಿಸಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯದೆ ಕೂತಿರುತ್ತದೆ. ಮತ್ತೆ ನೀರು ಬಂದಾಗ ಒಡೆಯುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೇಸಿಗೆಯಲ್ಲಿ 7ರಿಂದ 10 ದಿನ ಸಾಕು. ಅದಕ್ಕೇ ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ನಾರಿನಿಂದ ಗಟ್ಟಿಯಾಗಿ ಉಜ್ಜಲೇಬೇಕು. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಡ್ರಮ್ಮಿನ ಬಾಯಿಗೆ ಹಳೇ ಪಂಚೆ ಮುಚ್ಚಿ ದಾರ ಬಿಗಿಯಿರಿ. ತಟ್ಟೆ ಮುಚ್ಚಿದರೆ ಸಂದಿ ಉಳಿಯುತ್ತದೆ. ದನಕ್ಕೆ ನೀರಿಡುವ ಕಲ್ಲಿನ ತೊಟ್ಟಿ, ಫ್ರಿಜ್ಜಿನ ಹಿಂದಿನ ಟ್ರೇ, ಕೂಲರಿನ ತಳ, ಮನಿ ಪ್ಲಾಂಟ್ ಬಾಟಲಿ ಮರೆಯಬೇಡಿ.

ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಕಡೆ ಮನೆಯಲ್ಲೇ ರೇಷ್ಮೆ ಹುಳು ಸಾಕುವವರು ಇದನ್ನು ಚೆನ್ನಾಗಿ ಓದಿಕೊಳ್ಳಿ. ಸೊಳ್ಳೆಗೆ, ಜಿರಳೆಗೆ ಹೊಡೆಯುವ ಸ್ಪ್ರೇ, ಸೊಳ್ಳೆ ಬತ್ತಿ, ಗೋಡೆಗೆ ಚುಚ್ಚುವ ದ್ರಾವಣ ಯಾವುದೂ ಹುಳು ಮನೆಯ ಹತ್ತಿರ ಬೇಡ. ರೇಷ್ಮೆ ಹುಳುವೂ ಹುಳುವೇ. ಅದಕ್ಕೂ ಆ ಔಷಧಿ ಒಂದೇ. ಸ್ಪ್ರೇ ಮಾಡಿದ ಕೈಯಲ್ಲಿ ಸೊಪ್ಪು ಮುಟ್ಟಿದರೂ ಬೆಳೆ ಹೋದೀತು. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಡಿ. ನಿಮಗಿರುವ ದಾರಿ ಜಾಲರಿ ಮತ್ತು ಸೊಳ್ಳೆ ಪರದೆ.

5. ಕಿಟಕಿ, ಗಾಳಿ, ಫ್ಯಾನು

ನಮ್ಮ ಮೂರೂ ಜಿಲ್ಲಾ ಕೇಂದ್ರಗಳು ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿವೆ. ಮಧ್ಯಾಹ್ನ ಎಷ್ಟೇ ಸುಟ್ಟರೂ ನಡುರಾತ್ರಿ ಕಳೆದ ಮೇಲೆ ಹೊರಗೆ ತಂಪಾಗುತ್ತದೆ. ಈ ತಂಪನ್ನು ಒಳಗೆ ತುಂಬಿಕೊಳ್ಳಬೇಕು. ರಾತ್ರಿ ಎದುರುಬದುರು ಕಿಟಕಿ ತೆಗೆದಿಡಿ, ಬೆಳಗ್ಗೆ ಬಿಸಿಲು ಚುರುಕಾಗುವ ಮುಂಚೆ ಎಲ್ಲ ಮುಚ್ಚಿ, ಸಂಜೆ ಮತ್ತೆ ತೆಗೆಯಿರಿ. ಗಾಳಿ ಬರಲಿ ಎಂದು ಮಧ್ಯಾಹ್ನ ಕಿಟಕಿ ತೆಗೆದಿಟ್ಟರೆ ಬರುವುದು ಬಿಸಿ ಗಾಳಿಯೇ. ರಾತ್ರಿ ತೆಗೆಯಬೇಕೆಂದರೆ ಜಾಲರಿ ಇರಲೇಬೇಕು. ಹಳೇ ಜಾಲರಿ ಇದ್ದರೆ ಧೂಳು ಕಟ್ಟಿ ಗಾಳಿಯೇ ಆಡುವುದಿಲ್ಲ, ತೊಳೆದು ಹಾಕಿ.

ಪಶ್ಚಿಮದ ಕಿಟಕಿಗೆ ಪರದೆಯನ್ನು ಒಳಗೆ ಹಾಕುವುದಕ್ಕಿಂತ ಹೊರಗೆ ಅಡ್ಡ ಕಟ್ಟುವುದು ಮೇಲು. ಗಾಜು ದಾಟಿ ಬಂದ ಕಾವು ಆಗಲೇ ಒಳಗೆ ಸೇರಿರುತ್ತದೆ. ಬಿದಿರಿನ ತಡಿಕೆ, ಗೋಣಿ ಚೀಲ, ತೋಟಕ್ಕೆ ಬಳಸುವ ಹಸಿರು ನೆರಳು ಬಲೆ ಯಾವುದಾದರೂ ಸರಿ. ಮೇ ತಿಂಗಳಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುವುದರಿಂದ ಉತ್ತರದ ಕಿಟಕಿಗೂ ಬಿಸಿಲು ಬೀಳುತ್ತದೆ, ಅದಕ್ಕೂ ಒಂದು ಬಲೆ ಎತ್ತಿಡಿ. ಲಾವಂಚದ ತಟ್ಟಿ ಇದ್ದರೆ ಮಧ್ಯಾಹ್ನ ಆರ್‌ಒದ ನೀರು ಚಿಮುಕಿಸಿ.

ಫ್ಯಾನ್ ರೆಕ್ಕೆ ಒರೆಸಲು ಹಳೇ ದಿಂಬಿನ ಚೀಲವನ್ನು ರೆಕ್ಕೆಗೆ ತೊಡಿಸಿ ಹಿಂದಕ್ಕೆ ಎಳೆಯಿರಿ, ಧೂಳು ಚೀಲದೊಳಗೇ ಉಳಿಯುತ್ತದೆ. ಒರೆಸಿದ ಮೇಲೂ ಫ್ಯಾನ್ ಮೆಲ್ಲಗೆ ತಿರುಗಿದರೆ ಹೊಸ ಫ್ಯಾನ್ ತರುವ ಮುಂಚೆ ಕಂಡೆನ್ಸರ್ ಬದಲಿಸಿ ನೋಡಿ. ಫ್ಯಾನಿಗೆ ತಿರುಗುವ ಎಳೆತ ಕೊಡುವ ಪುಟ್ಟ ಡಬ್ಬಿ ಅದು, ಎಲೆಕ್ಟ್ರಿಷಿಯನ್‌ಗೆ ಹತ್ತು ನಿಮಿಷದ ಕೆಲಸ.

ಎಸಿ ಹಾಕಿಸಬೇಕಾ, ಕೂಲರ್ ಸಾಕಾ ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲು ಟೆರೇಸಿಗೆ ಸುಣ್ಣ, ಆಮೇಲೂ ತಡೆಯಲಾಗದಿದ್ದರೆ ಕೂಲರ್. ನಮ್ಮ ಮಾರ್ಚ್ ಏಪ್ರಿಲ್ ಗಾಳಿ ಒಣ ಗಾಳಿ. ನೀರು ಆರಿಸಿ ತಂಪು ಮಾಡುವ ಕೂಲರ್ ಇಂಥ ಗಾಳಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕೂಲರ್ ಇಟ್ಟು ಕಿಟಕಿ ಬಾಗಿಲು ಎಲ್ಲ ಮುಚ್ಚಿದರೆ ಕೋಣೆ ತೇವದಿಂದ ಉಸಿರು ಕಟ್ಟುತ್ತದೆ. ಕೂಲರ್ ಕಿಟಕಿಯ ಪಕ್ಕ ಇರಲಿ, ಎದುರು ಬಾಗಿಲು ಸ್ವಲ್ಪ ತೆಗೆದಿರಲಿ. ಎಸಿ ಈಗಾಗಲೇ ಇದ್ದರೆ ಫಿಲ್ಟರ್ ತೊಳೆದು 24 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇಕಡ 6ರಷ್ಟು ಕರೆಂಟ್ ಉಳಿಯುತ್ತದೆ. ಗೃಹಜ್ಯೋತಿಯಲ್ಲಿರುವವರು ಮೀಟರ್ ಮೇಲೆ ಕಣ್ಣಿಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕಾಗುತ್ತದೆ.

ಅರ್ಥಿಂಗ್ ಗುಂಡಿ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಗುಂಡಿ, ಬೇಸಿಗೆಯಲ್ಲಿ ಒಣಗಿ ಕೆಲಸ ನಿಲ್ಲಿಸುತ್ತದೆ. ವಾರಕ್ಕೊಮ್ಮೆ ಒಂದು ಬಕೆಟ್ ಆರ್‌ಒದ ನೀರು ಹಾಕಿ. ನಲ್ಲಿ ಮುಟ್ಟಿದರೆ ಜುಂ ಎನ್ನುತ್ತದೆ ಎನ್ನುವವರು ನೀರು ಹಾಕಿ ಸುಮ್ಮನಾಗದೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಯುಪಿಎಸ್ ಬ್ಯಾಟರಿಗೆ ಮಾತ್ರ ಡಿಸ್ಟಿಲ್ಡ್ ವಾಟರ್ ಹೊರತು ಬೇರೆ ನೀರು ಬೇಡ.

6. ಒಳಗಿನ ಸ್ವಚ್ಛತೆ

ಇದು ನಿಮಗೆ ಗೊತ್ತಿರುವುದೇ. ಅಟ್ಟದಿಂದ ಶುರು ಮಾಡಿ ಜೇಡರ ಬಲೆ, ಗೋಡೆ, ಕೊನೆಗೆ ನೆಲ. ಕಂಬಳಿ, ಸ್ವೆಟರು ತೊಳೆದು ಪೂರ್ತಿ ಒಣಗಿದ ಮೇಲೆ ಬೇವಿನ ಎಲೆ ಹಾಕಿ ಕಟ್ಟಿಡಿ. ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಎರಡೂ ಕಡೆ ಬಡಿಯಿರಿ.

ಅಡುಗೆಮನೆಯ ದವಸದ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ರಾಗಿ, ಅವರೆಬೇಳೆ, ಹುರುಳಿ ಎಲ್ಲ ಬಿಸಿಲಿಗೆ ಹಾಕುವುದು ಸರಿ. ಬಿಸಿ ಆರುವ ಮುಂಚೆಯೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಬೇಡಿ. ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ನೆರಳಲ್ಲಿ ಹರವಿ, ಕೈಗೆ ತಣ್ಣಗೆ ತಾಗಿದ ಮೇಲೆ ತುಂಬಿ. ಹೊಸ ಹುಣಸೆಹಣ್ಣು ತುಮಕೂರಿನ ಮಾರುಕಟ್ಟೆಗೆ ಬರುವ ಕಾಲವೂ ಇದೇ. ವರ್ಷಕ್ಕಾಗುವಷ್ಟು ತಂದು ಬೀಜ, ನಾರು ತೆಗೆದು ಉಪ್ಪು ಹಾಕಿ ಇಟ್ಟುಕೊಳ್ಳಬಹುದು. ಸಂಡಿಗೆ ಹಪ್ಪಳ ಹಾಕುವವರು ಸುಣ್ಣ ಪೂರ್ತಿ ಒಣಗಿದ ಮೇಲೆ, ಕೆಳಗೆ ದಪ್ಪ ಬಟ್ಟೆ ಹಾಸಿಯೇ ಹಾಕಿ.

7. ಅಂಗಳ, ಹಿತ್ತಲು

ಹೊರಗೆ ಸುಟ್ಟಷ್ಟೂ ಹಾವು, ಚೇಳು ತಂಪು ಹುಡುಕಿಕೊಂಡು ಬರುತ್ತವೆ. ಸೌದೆ ರಾಶಿ, ಇಟ್ಟಿಗೆ ಗುಡ್ಡೆ, ತೆಂಗಿನ ಸಿಪ್ಪೆ, ಬಚ್ಚಲ ಹಿಂದಿನ ತೇವ ಜಾಗ ಅವಕ್ಕೆ ಇಷ್ಟ. ಸೌದೆಯನ್ನು ಗೋಡೆಗೆ ಒರಗಿಸದೆ ದೂರದಲ್ಲಿ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಜೋಡಿಸಿ. ರಾಶಿ ಕದಲಿಸುವಾಗ ಬರಿಗೈ ಹಾಕಬೇಡಿ, ಕೋಲಿನಿಂದ ಎಳೆಯಿರಿ. ಬಚ್ಚಲ ನೀರು ಹೋಗುವ ತೂತಿಗೆ ಜಾಲರಿ ಹಾಕಿ. ಕಾಳು ಚೆಲ್ಲದಂತೆ ನೋಡಿಕೊಳ್ಳಿ. ಕಾಳಿಗೆ ಇಲಿ, ಇಲಿಗೆ ಹಾವು. ಟೆರೇಸಿನಲ್ಲಿ, ಅಂಗಳದಲ್ಲಿ ಮಲಗುವವರು ಪರದೆ ಕಟ್ಟಿ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ರಾತ್ರಿ ಎದ್ದರೆ ಟಾರ್ಚ್ ಇಲ್ಲದೆ ಕಾಲಿಡಬೇಡಿ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು, ನಾಟಿ ಮದ್ದಿಗೆ ಕಾಯುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ, ಉಂಗುರ ಬಳೆ ತೆಗೆದು, 108ಕ್ಕೆ ಕರೆ ಮಾಡಿ, ವಿಷಕ್ಕೆ ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಹೋಗಿ. ನಾಗರಹಾವು, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಔಷಧಿ ಕೊಡುತ್ತಾರೆ. ಹಾವನ್ನು ಹಿಡಿದು ತರುವ ಅಗತ್ಯ ಇಲ್ಲ.

ಅಂಗಳದ ಮೂಲೆಯಲ್ಲಿ ಒಂದು ಅಗಲದ ಮಣ್ಣಿನ ತಟ್ಟೆಯಲ್ಲಿ ಹಕ್ಕಿಗಳಿಗೆ ನೀರಿಡಿ. ದಿನಾ ಚೆಲ್ಲಿ ತೊಳೆದು ಹೊಸ ನೀರು ಹಾಕಿ, ಇಲ್ಲದಿದ್ದರೆ ಅದೂ ಸೊಳ್ಳೆಯ ತೊಟ್ಟಿಯೇ.

8. ಮೊದಲ ಮಳೆಗೆ

ಬೇಸಿಗೆಯ ಸಿದ್ಧತೆಯಲ್ಲಿ ಇದನ್ನು ಯಾಕೆ ಸೇರಿಸಿದ್ದೇನೆಂದರೆ, ನಮ್ಮಲ್ಲಿ ಅಶ್ವಿನಿ, ಭರಣಿ ಮಳೆ ಬರುವುದು ಏಪ್ರಿಲ್ ನಡುವಿನಿಂದ ಮೇ ಮೊದಲ ವಾರಗಳಲ್ಲಿ, ಬೇಸಿಗೆಯ ನಡುವೆಯೇ. ಬಂದರೆ ಗಾಳಿ, ಗುಡುಗು, ಕೆಲವು ಸಲ ಆಲಿಕಲ್ಲಿನ ಜೊತೆಗೇ ಬರುತ್ತದೆ. ಶ್ರೀನಿವಾಸಪುರದ ಮಾವಿನ ತೋಟದವರಿಗೆ ಇದರ ಪೆಟ್ಟು ಗೊತ್ತು. ಮನೆಗೂ ಅಷ್ಟೇ: ಸಡಿಲ ಶೀಟು, ಕಟ್ಟದ ತೆಂಗಿನ ಗರಿ, ಹಸಿರು ಬಲೆ ಹಾರಿಹೋಗುತ್ತವೆ. ಏಪ್ರಿಲ್ ಎರಡನೇ ವಾರದೊಳಗೆ ಶೀಟಿನ ಬೋಲ್ಟು ಬಿಗಿ ಮಾಡಿಸಿ, ಟೆರೇಸಿನ ನೀರು ಹೋಗುವ ಬಾಯಿಯಲ್ಲಿ ಎಲೆ ಕಸ ಇಲ್ಲದಂತೆ ಮಾಡಿ.

ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1,000 ಚದರ ಅಡಿ ಟೆರೇಸೆಂದರೆ ಸುಮಾರು 93 ಚದರ ಮೀಟರ್. 20 ಮಿಲಿಮೀಟರಿನ ಒಂದು ಒಳ್ಳೇ ಮಳೆಗೆ 1,800 ಲೀಟರ್ ದಾಟುತ್ತದೆ. ನಾವು ದುಡ್ಡು ಕೊಟ್ಟು ಟ್ಯಾಂಕರ್ ತರಿಸುವ ದಿನಗಳಲ್ಲೇ ಇಷ್ಟು ನೀರು, ಅದೂ ಫ್ಲೋರೈಡ್ ಇಲ್ಲದ ನೀರು, ರಸ್ತೆಗೆ ಹರಿದು ಹೋಗುತ್ತದೆ.

ಟೆರೇಸಿನಿಂದ ಇಳಿಯುವ ಪೈಪನ್ನು ಒಂದು ಟಿ ಆಕಾರದ ಜೋಡಣೆ ಹಾಕಿ ಎರಡು ಕವಲು ಮಾಡಿಸಿ. ಒಂದು ಹೊರಗೆ, ಒಂದು ಸಂಪಿಗೆ, ಎರಡಕ್ಕೂ ವಾಲ್ವ್ ಇರಲಿ. ಹೊಸದಾಗಿ ಸುಣ್ಣ ಹೊಡೆದಿರುವುದರಿಂದ ಮೊದಲ ಎರಡು ಮೂರು ಮಳೆಯ ನೀರನ್ನು ಪೂರ್ತಿ ಹೊರಗೇ ಬಿಡಿ, ಗಿಡಕ್ಕೋ ಇಂಗುಗುಂಡಿಗೋ ಹೋಗಲಿ. ಆಮೇಲಿನ ಮಳೆಗಳಲ್ಲೂ ಮೊದಲ ಹತ್ತು ನಿಮಿಷದ ನೀರು ಹೊರಗೆ, ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತವೆ. ನೀರು ತಿಳಿಯಾದ ಮೇಲೆ ಸಂಪಿನ ಕಡೆಯ ವಾಲ್ವ್ ತಿರುಗಿಸಿ. ಸಂಪಿಗೆ ಹೋಗುವ ಪೈಪಿನ ಬಾಯಿಗೆ ಸ್ಟೀಲ್ ಜಾಲರಿ ಕಟ್ಟಿ, ಪ್ರತಿ ಮಳೆ ನಿಂತ ಮೇಲೆ ಅದನ್ನು ಬಿಚ್ಚಿ ಕೊಡವಿ ಮತ್ತೆ ಕಟ್ಟಿ. ಹೀಗೆ ಹಿಡಿದ ನೀರು ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಹಾಗೇ ಆಗುತ್ತದೆ. ಕುಡಿಯಲು ಬಳಸುವುದಾದರೆ ಸೋಸಿ, ಕುದಿಸಿ ಆರಿಸಿ ಬಳಸಿ.